ಹಳೆಯ ಕಾರಿಗೆ ಬದಲಿ ಕಾರ್ಬುರೇಟರ್: ಗುರುತು ಹಿಡಿಯುವುದು, ಆರಿಸುವುದು

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಊರುಗಳಲ್ಲಿ ಅಜ್ಜನ ಕಾಲದ ಅಂಬಾಸಡರ್, ಫಿಯಟ್, ಪೆಟ್ರೋಲ್ ಜೀಪು ಇನ್ನೂ ಅಲ್ಲಲ್ಲಿ ಉಳಿದಿವೆ. ಕೆಲವು ಓಡುತ್ತವೆ. ಉಳಿದವು ತಗಡಿನ ಶೆಡ್ಡಿನಲ್ಲಿ ತಾಡಪಾಲು ಹೊದ್ದು ನಿಂತಿವೆ. ಅಂಥ ಗಾಡಿಯನ್ನು ಮತ್ತೆ ರಸ್ತೆಗೆ ತರಬೇಕೆಂದು ಹೊರಟವರಿಗೆ ಗ್ಯಾರೇಜಿನಲ್ಲಿ ಬೇಗ ಕೇಳಿಬರುವ ಮಾತೆಂದರೆ, ‘ಕಾರ್ಬುರೇಟರ್ ಹೋಗೇತ್ರಿ, ಹೊಸಾದ್ ಹಾಕಬೇಕು’. ಆ ಮಾತು ಕೆಲವು ಸಲ ನಿಜ, ಬಹಳ ಸಲ ಅರ್ಧ ನಿಜ. ಯಾವ ಕಾರ್ಬುರೇಟರ್ ಕೂತಿದೆ, ಅದು ಗಾಡಿಯ ಜೊತೆಗೇ ಬಂದದ್ದೋ ನಡುವೆ ಯಾರೋ ಹಾಕಿದ್ದೋ, ಅದರೊಳಗಿನ ಜೆಟ್ ಎಷ್ಟರದ್ದು ಎಂದು ನೋಡದೆ ಹೊಸದನ್ನು ತರಲು ಹೋದರೆ ದುಡ್ಡೂ ಹೋಗುತ್ತದೆ, ಗಾಡಿಯೂ ಸರಿಯಾಗುವುದಿಲ್ಲ. ಗುರುತು ಹಿಡಿಯುವುದೇ ಈ ಕೆಲಸದ ಮುಕ್ಕಾಲು ಪಾಲು.

ಕಾರ್ಬುರೇಟರ್ ಮಾಡುವ ಕೆಲಸ

ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಂಜಿನ್ ಯಾವ ವೇಗದಲ್ಲಿ ತಿರುಗುತ್ತಿದ್ದರೂ, ಚಡಾವು ಹತ್ತುತ್ತಿದ್ದರೂ ಸುಮ್ಮನೆ ನಿಂತಿದ್ದರೂ, ಈ ಅಳತೆಯ ಆಸುಪಾಸಿನಲ್ಲೇ ಎರಡನ್ನೂ ಬೆರೆಸಿ ಕೊಡುವುದು ಕಾರ್ಬುರೇಟರಿನ ಕೆಲಸ. ಎಂಜಿನ್ ಎಳೆದುಕೊಳ್ಳುವ ಗಾಳಿ ಅದರ ಗಂಟಲಿನ ಇಕ್ಕಟ್ಟಾದ ಭಾಗವನ್ನು, ಅಂದರೆ ವೆಂಚುರಿಯನ್ನು, ದಾಟುವಾಗ ವೇಗ ಪಡೆಯುತ್ತದೆ. ವೇಗ ಹೆಚ್ಚಿದಲ್ಲಿ ಒತ್ತಡ ತಗ್ಗುತ್ತದೆ. ತಗ್ಗಿದ ಆ ಒತ್ತಡವೇ ಪಕ್ಕದ ಬಟ್ಟಲಿನಲ್ಲಿರುವ ಪೆಟ್ರೋಲನ್ನು ಜೆಟ್ ಎಂಬ ಅಳತೆಯ ತೂತಿನಿಂದ ಮೇಲೆಳೆದು, ನುಣ್ಣಗೆ ಒಡೆದು ಗಾಳಿಗೆ ಸೇರಿಸುತ್ತದೆ. ಬಟ್ಟಲಿನಲ್ಲಿ ಪೆಟ್ರೋಲಿನ ಮಟ್ಟ ಏರದಂತೆ ಇಳಿಯದಂತೆ ಕಾಯಲು ಫ್ಲೋಟು ಮತ್ತು ನೀಡಲ್ ವಾಲ್ವ್ ಇರುತ್ತವೆ.

ಹಳೆಯ ಕಾರ್ಬುರೇಟರುಗಳಲ್ಲಿ ಎರಡು ಮನೆತನ. ಸೋಲೆಕ್ಸ್, ಜೆನಿತ್, ಕಾರ್ಟರ್, ವೆಬರ್ ಇವು ಮೊದಲನೆಯ ಗುಂಪಿನವು. ಇವುಗಳಲ್ಲಿ ವೆಂಚುರಿಯ ಅಗಲ ಬದಲಾಗುವುದಿಲ್ಲ; ನಿಂತಾಗ, ಓಡುವಾಗ, ಆಕ್ಸಿಲರೇಟರ್ ಒತ್ತಿದಾಗ ಎಂದು ಬೇರೆಬೇರೆ ಜೆಟ್‌ಗಳು ಕೆಲಸ ಹಂಚಿಕೊಳ್ಳುತ್ತವೆ. ಎರಡನೆಯ ಗುಂಪಿಗೆ ಇಂಗ್ಲೆಂಡಿನ ಎಸ್‌.ಯು. ಹೆಸರುವಾಸಿ. ಅದರಲ್ಲಿರುವುದು ಒಂದೇ ಜೆಟ್, ಅದರೊಳಗೆ ಏರಿಳಿಯುವ ಮೊನಚಾದ ಒಂದು ನೀಡಲ್. ಗಾಳಿ ಹೆಚ್ಚಿದಂತೆ ಪಿಸ್ಟನ್ ಮೇಲೇಳುತ್ತದೆ, ನೀಡಲ್ ಜೊತೆಗೇ ಎದ್ದು ಪೆಟ್ರೋಲಿಗೆ ಹೆಚ್ಚು ದಾರಿ ಕೊಡುತ್ತದೆ. ಎಸ್‌.ಯು. ಎಂದರೆ ಸ್ಕಿನ್ನರ್ಸ್ ಯೂನಿಯನ್. ಜಾರ್ಜ್ ಹರ್ಬರ್ಟ್ ಸ್ಕಿನ್ನರ್ ಇದನ್ನು ರೂಪಿಸಿದವರು, ಕಂಪನಿ ಹುಟ್ಟಿದ್ದು 1910ರಲ್ಲಿ. ಚಪ್ಪಲಿ–ಬೂಟಿನ ವ್ಯಾಪಾರದ ಮನೆತನದವರಾದ ಅವರ ಮೊದಲ ಮಾದರಿಗಳಲ್ಲಿ ಪಿಸ್ಟನ್ ಬದಲು ಚರ್ಮದ ತಿದಿ ಇತ್ತು.

2000ನೇ ಇಸವಿಯ ಆಸುಪಾಸಿನಲ್ಲಿ ನಮ್ಮ ಹೊಸ ಕಾರುಗಳಿಗೆಲ್ಲ ಇಂಜೆಕ್ಷನ್ ಬಂತು. ಅದಾದ ಮೇಲೆ ಕೆಲಸ ಕಲಿತ ಹುಡುಗರು ಕಾರಿನ ಕಾರ್ಬುರೇಟರ್ ಬಿಚ್ಚಿ ನೋಡಿರುವುದೇ ಕಡಿಮೆ. ಹೀಗಾಗಿ ಗಾಡಿಯ ಮಾಲೀಕರೇ ಒಂದಿಷ್ಟು ತಿಳಿದುಕೊಳ್ಳುವುದು ಇಂದು ಅನಿವಾರ್ಯ.

ನಮ್ಮ ಭಾಗದ ಗಾಡಿಗಳು

ಈ ಕಡೆ ಹೆಚ್ಚಾಗಿ ಸಿಗುವ ಹಳೆಯ ಪೆಟ್ರೋಲ್ ಗಾಡಿಗಳು ಮೂರು. ಮೊದಲನೆಯದು ಹಿಂದುಸ್ತಾನ್ ಮೋಟರ್ಸ್ ಬಂಗಾಳದ ಉತ್ತರಪಾಡಾದಲ್ಲಿ 1957ರಿಂದ 2014ರವರೆಗೆ ಕಟ್ಟಿದ ಅಂಬಾಸಡರ್. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಕಾರೇ ಇದರ ಮೂಲ. ಬಹುಕಾಲ ಇದರಲ್ಲಿದ್ದದ್ದು 1489 ಸಿ.ಸಿ.ಯ ಬಿ.ಎಂ.ಸಿ. ಬಿ ಸರಣಿಯ ಎಂಜಿನ್. ಹಳೆಯ ಅಂಬಾಸಡರುಗಳಲ್ಲಿ ಎಸ್‌.ಯು. ಕಾರ್ಬುರೇಟರೂ ಸಿಗುತ್ತದೆ, ಸೋಲೆಕ್ಸೂ ಸಿಗುತ್ತದೆ. ಎರಡನೆಯದು ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ಕಟ್ಟಿದ ಫಿಯಟ್ 1100. 1964ರಿಂದ ಡಿಲೈಟ್ ಎಂದೂ, 1974ರಿಂದ ಪದ್ಮಿನಿ ಎಂದೂ ಹೆಸರು ಪಡೆದ ಇದರ ಎಂಜಿನ್ 1089 ಸಿ.ಸಿ.ಯದು. ಇದರ ಮೇಲೆ ಸಾಮಾನ್ಯವಾಗಿ ಕೂತಿರುವುದು ಸೋಲೆಕ್ಸ್ 32 ಪಿ.ಬಿ.ಐ.ಸಿ. ಬಳಗದ ಕಾರ್ಬುರೇಟರ್. ಮೂರನೆಯದು ಮಹೀಂದ್ರ ಜೀಪು. ಇದರ ಮೂಲವಾದ ಅಮೆರಿಕದ ವಿಲ್ಲಿಸ್ ಸಿಜೆ–3ಬಿಯಲ್ಲಿ 2199 ಸಿ.ಸಿ.ಯ ಹರಿಕೇನ್ ಎಂಜಿನ್ನೂ ಕಾರ್ಟರ್ ವೈ.ಎಫ್. ಕಾರ್ಬುರೇಟರೂ ಇದ್ದವು. ಭಾರತದ ಜೀಪುಗಳಲ್ಲಿ ಸೋಲೆಕ್ಸ್ ಬಳಕೆ ವ್ಯಾಪಕ.

ಇಲ್ಲೇ ದೊಡ್ಡ ಗುಂಡಿ ಇರುವುದು. ಫಿಯಟ್ಟಿನ ಮೇಲೂ ಜೀಪಿನ ಮೇಲೂ ಒಂದೇ ಹೆಸರಿನ ಸೋಲೆಕ್ಸ್ ಕಂಡಾಗ ಎರಡೂ ಒಂದೇ ಎಂದು ತೋರುತ್ತದೆ. ಬೋಲ್ಟಿನ ಅಂತರವೂ ಕೂಡಿಬರಬಹುದು. ಆದರೆ ಜೀಪಿನ ಎಂಜಿನ್ ಗಾತ್ರದಲ್ಲಿ ಫಿಯಟ್ಟಿನದಕ್ಕಿಂತ ಸುಮಾರು ಇಮ್ಮಡಿ. ಒಳಗಿನ ವೆಂಚುರಿ, ಮೇನ್ ಜೆಟ್, ಏರ್ ಜೆಟ್ ಬೇರೆ ಇರಲೇಬೇಕು. ಜೀಪಿನಿಂದ ಬಿಚ್ಚಿದ್ದನ್ನು ಹಾಗೇ ತಂದು ಫಿಯಟ್ಟಿಗೆ ಕೂರಿಸಿದರೆ ಹೊಗೆ ಕಪ್ಪಗೆ ಬರುತ್ತದೆ, ಪ್ಲಗ್ಗಿಗೆ ಮಸಿ ಕಟ್ಟುತ್ತದೆ, ಪೆಟ್ರೋಲ್ ಸುರಿದಷ್ಟೂ ಸಾಲದು. ಹೊರಗಿನ ಬಾಡಿ ನೋಡಿ ಕೊಂಡುಕೊಳ್ಳುವವರು ಮೋಸ ಹೋಗುವುದು ಹೆಚ್ಚಾಗಿ ಇದೇ ಕಾರಣಕ್ಕೆ.

ಕೆಟ್ಟದ್ದು ಕಾರ್ಬುರೇಟರೇ ಹೌದೇ?

ಹೊಸದನ್ನು ಹುಡುಕುವ ಮೊದಲು ಹಳೆಯದರ ಮೇಲಿನ ಆರೋಪ ಪರೀಕ್ಷಿಸಬೇಕು. ಮಿಸ್ಸಿಂಗ್, ಪಿಕಪ್ ಇಲ್ಲದಿರುವುದು, ಸ್ಲೋ ಸ್ಪೀಡ್ ನಿಲ್ಲದಿರುವುದು ಈ ಮೂರೂ ಇಗ್ನಿಷನ್ನಿನಿಂದಲೂ ಬರುತ್ತವೆ. ಸಿ.ಬಿ. ಪಾಯಿಂಟ್ ಸುಟ್ಟಿರಬಹುದು, ಕಂಡೆನ್ಸರ್ ಹೋಗಿರಬಹುದು, ಟೈಮಿಂಗ್ ಜಾರಿರಬಹುದು. ಟ್ಯಾಪೆಟ್ ಅಂತರ, ಕಂಪ್ರೆಷನ್, ಪೆಟ್ರೋಲ್ ಪಂಪಿನ ಡಯಾಫ್ರಾಂ, ಟ್ಯಾಂಕಿನ ತಳದ ತುಕ್ಕು ಇವನ್ನೆಲ್ಲ ಮುಗಿಸಿ ಕಾರ್ಬುರೇಟರಿಗೆ ಬರುವುದು ಸರಿಯಾದ ಕ್ರಮ. ಕಾಸು ಕಡಿಮೆ ಖರ್ಚಾಗುವುದೂ ಈ ಕ್ರಮದಲ್ಲೇ.

ಮ್ಯಾನಿಫೋಲ್ಡಿನ ಪ್ಯಾಕಿಂಗ್ ಹೋಗಿ ಗಾಳಿ ಎಳೆಯುತ್ತಿದ್ದರೂ ಜನ ಕಾರ್ಬುರೇಟರನ್ನೇ ದೂರುತ್ತಾರೆ. ಥ್ರಾಟಲ್ ಸ್ಪಿಂಡಲ್ ಸವೆದಾಗಲೂ ಹಾಗೇ ಆಗುತ್ತದೆ, ಮತ್ತು ಅದು ಕಾರ್ಬುರೇಟರಿನದೇ ದೋಷ. ತಿಳಿಯುವ ಬಗೆ ಸುಲಭ. ಎಂಜಿನ್ ಸ್ಲೋ ಸ್ಪೀಡಿನಲ್ಲಿ ನಡೆಯುತ್ತಿರುವಾಗ ಸ್ಪಿಂಡಲಿನ ಎರಡೂ ತುದಿಗೆ ನಾಲ್ಕು ಹನಿ ಎಂಜಿನ್ ಆಯಿಲ್ ಬಿಡಿ. ಎಣ್ಣೆ ಸಂದಿಯನ್ನು ಮುಚ್ಚಿದ ಆ ಕೆಲವು ಕ್ಷಣ ಸದ್ದು ಬದಲಾದರೆ ಗಾಳಿ ಅಲ್ಲಿಂದಲೇ ನುಗ್ಗುತ್ತಿದೆ ಎಂದರ್ಥ. ಇದಕ್ಕೆ ಪೆಟ್ರೋಲ್ ಸಿಂಪಡಿಸಿ ನೋಡುವ ಪದ್ಧತಿ ಕೆಲವೆಡೆ ಇದೆ. ಕಾದ ಸೈಲೆನ್ಸರ್ ಮ್ಯಾನಿಫೋಲ್ಡು ಕೆಳಗೇ ಇರುವುದರಿಂದ ಅದನ್ನು ಮಾಡಲೇಬಾರದು.

ಎಸ್‌.ಯು. ಗುರುತು

ಬಾನೆಟ್ ತೆಗೆದೊಡನೆ ಎಸ್‌.ಯು.ವನ್ನು ಗುರುತಿಸಬಹುದು. ಗಂಟೆಯಾಕಾರದ ಅಲ್ಯೂಮಿನಿಯಂ ಗುಮ್ಮಟ, ಅದರ ನೆತ್ತಿಯಲ್ಲಿ ಕೈಯಿಂದ ತಿರುಗಿಸುವ ಮುಚ್ಚಳ. ಮುಚ್ಚಳ ಬಿಚ್ಚಿದರೆ ಉದ್ದನೆಯ ಕಡ್ಡಿಯ ತುದಿಯಲ್ಲಿ ಹಿತ್ತಾಳೆಯ ಡ್ಯಾಂಪರ್, ಒಳಗೆ ತೆಳ್ಳನೆಯ ಎಣ್ಣೆ. ಎಣ್ಣೆ ಒಣಗಿಹೋಗಿದ್ದರೆ ಆಕ್ಸಿಲರೇಟರ್ ತಟ್ಟನೆ ಒತ್ತಿದಾಗ ಎಂಜಿನ್ ತಡವರಿಸುತ್ತದೆ. 20 ಗ್ರೇಡಿನ ಎಣ್ಣೆ ಒಂದಿಷ್ಟು ಹಾಕಿದರೆ ಮುಗಿಯುವ ಈ ತೊಂದರೆಗೆ ಕಾರ್ಬುರೇಟರ್ ಬದಲಾಯಿಸುವ ಅಗತ್ಯವಿಲ್ಲ.

ಎಸ್‌.ಯು.ವಿನ ಮಾದರಿ ಹೆಸರಲ್ಲೇ ಅಳತೆ ಅಡಗಿದೆ. ಎಚ್‌2, ಎಚ್‌ಎಸ್‌2, ಎಚ್‌ಎಸ್‌4 ಎಂಬಲ್ಲಿ ಕೊನೆಯ ಅಂಕಿ ಒಂದು ಇಂಚಿನ ಮೇಲೆ ಎಷ್ಟು ಎಂಟನೇ ಒಂದು ಭಾಗ ಎಂಬುದನ್ನು ಹೇಳುತ್ತದೆ. 2 ಎಂದರೆ ಒಂದೂಕಾಲು ಇಂಚು, 4 ಎಂದರೆ ಒಂದೂವರೆ ಇಂಚು, 6 ಎಂದರೆ ಒಂದೂಮುಕ್ಕಾಲು. ಎಚ್ ಮತ್ತು ಎಚ್‌ಎಸ್ ನಡುವಿನ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಎಚ್‌ಎಸ್‌ನಲ್ಲಿ ಫ್ಲೋಟಿನ ಬಟ್ಟಲಿನಿಂದ ಜೆಟ್ಟಿಗೆ ಹೊರಗಡೆಯೇ ಒಂದು ಸಣ್ಣ ನೈಲಾನ್ ಕೊಳವೆ ಇರುತ್ತದೆ. ಹಳೆಯ ಎಚ್ ಮಾದರಿಯಲ್ಲಿ ಆ ದಾರಿ ಎರಕದ ಒಳಗೇ ಇದೆ.

ಬಟ್ಟಲಿನ ಮುಚ್ಚಳದ ಸ್ಕ್ರೂವಿಗೆ ಸಿಕ್ಕಿಸಿದ ಪುಟ್ಟ ತಗಡಿನ ಮೇಲೆ ಎ.ಯು.ಸಿ. ಅಥವಾ ಎ.ಯು.ಡಿ. ಎಂದು ಶುರುವಾಗುವ ಸಂಖ್ಯೆ ಇದ್ದರೆ ನಿಮ್ಮ ಅದೃಷ್ಟ. ಯಾವ ಕಾರಿಗೆ, ಯಾವ ನೀಡಲ್‌ನೊಂದಿಗೆ ಅದು ತಯಾರಾಯಿತೆಂಬುದು ಆ ಒಂದೇ ಸಂಖ್ಯೆಯಿಂದ ತಿಳಿಯುತ್ತದೆ. ತೊಳೆಯುವಾಗ ಆ ತಗಡನ್ನು ಎಸೆದುಬಿಟ್ಟ ಗಾಡಿಗಳೇ ಹೆಚ್ಚು. ತಗಡಿಲ್ಲದಿದ್ದರೆ ಪಿಸ್ಟನ್ ಹೊರತೆಗೆದು ನೀಡಲ್‌ನ ಬುಡದಲ್ಲಿ ಕೊರೆದ ಅಕ್ಷರ ಓದಬೇಕು. ಅದು ಬಹಳ ಸಣ್ಣದು, ಭೂತಗನ್ನಡಿ ಬೇಕಾಗುತ್ತದೆ. ಪಿಸ್ಟನ್ನಿನ ಸ್ಪ್ರಿಂಗಿನ ತುದಿಗೆ ಬಳಿದ ಬಣ್ಣವನ್ನೂ ಬರೆದಿಟ್ಟುಕೊಳ್ಳಿ. ನೀಲಿ ಎಂದರೆ ಎರಡೂವರೆ ಔನ್ಸ್, ಕೆಂಪು ಎಂದರೆ ನಾಲ್ಕೂವರೆ ಔನ್ಸ್, ಹಳದಿ ಎಂದರೆ ಎಂಟು ಔನ್ಸ್. ಗುಮ್ಮಟ ಮತ್ತು ಪಿಸ್ಟನ್ ಕಾರ್ಖಾನೆಯಲ್ಲೇ ಜೋಡಿ ಮಾಡಿದವು. ಎರಡು ಕಾರ್ಬುರೇಟರ್ ಒಟ್ಟಿಗೆ ಬಿಚ್ಚಿದಾಗ ಇದರದ್ದು ಅದಕ್ಕೆ ಹೋಗಬಾರದು. ಎಲ್ಲ ಸರಿಯಿದ್ದಾಗ ಪಿಸ್ಟನ್ನನ್ನು ಬೆರಳಲ್ಲಿ ಎತ್ತಿ ಬಿಟ್ಟರೆ ತಡೆಯಿಲ್ಲದೆ ಇಳಿದು ಕೊನೆಗೆ ಟಕ್ ಎಂಬ ಲೋಹದ ಸದ್ದು ಬರಬೇಕು. ಸದ್ದು ಬರದಿದ್ದರೆ ನೀಡಲ್ ಜೆಟ್ಟಿಗೆ ಉಜ್ಜುತ್ತಿದೆ ಎಂದು ತಿಳಿಯಿರಿ. ಜೆಟ್ಟನ್ನು ನಡುವಿಗೆ ತಂದು ಕೂರಿಸುವ ಕೆಲಸ ಅದು, ಹೊಸ ಕಾರ್ಬುರೇಟರಿನದಲ್ಲ.

ಸೋಲೆಕ್ಸ್ ಗುರುತು

ಸೋಲೆಕ್ಸ್‌ನಲ್ಲಿ ಹೆಸರು ಬಟ್ಟಲಿನ ಮೈಮೇಲೇ ಎರಕದಲ್ಲಿ ಉಬ್ಬಿ ನಿಂತಿರುತ್ತದೆ, ಪಕ್ಕದಲ್ಲೋ ಕೆಳಗೋ ಮಾದರಿಯ ಅಕ್ಷರಗಳು. 32 ಎಂದರೆ ಥ್ರಾಟಲ್ ಬಟರ್‌ಫ್ಲೈ ಇರುವಲ್ಲಿ ಕೊಳವೆಯ ವ್ಯಾಸ 32 ಮಿ.ಮೀ. ಆದರೆ ಎಂಜಿನ್ನಿಗೆ ಮುಖ್ಯವಾದದ್ದು ಅದರೊಳಗೆ ಕೂತ ವೆಂಚುರಿ. ಮೇಲಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿದರೆ ಅದರ ಅಂಚಿನಲ್ಲಿ ಎರಡಂಕಿಯ ಸಂಖ್ಯೆ ಕಾಣಿಸುತ್ತದೆ. ಅದು ಅತಿ ಇಕ್ಕಟ್ಟಾದ ಜಾಗದ ವ್ಯಾಸ, ಮಿ.ಮೀ. ಲೆಕ್ಕದಲ್ಲಿ.

ಜೆಟ್ಟುಗಳ ತಲೆಯ ಮೇಲೂ ಸಂಖ್ಯೆ ಇದೆ. ಮೇನ್ ಜೆಟ್ಟಿನ ಮೇಲೆ 120 ಎಂದಿದ್ದರೆ ತೂತು 1.20 ಮಿ.ಮೀ. ಏರ್ ಜೆಟ್, ಪೈಲಟ್ ಜೆಟ್, ಪಂಪ್ ಜೆಟ್ ಎಲ್ಲಕ್ಕೂ ಇದೇ ಲೆಕ್ಕ. ಇವುಗಳನ್ನು ಒಂದೊಂದಾಗಿ ಬಿಚ್ಚಿ, ಎಲ್ಲಿಂದ ಬಿಚ್ಚಿದ್ದು ಎಂಬುದರೊಂದಿಗೆ ಕಾಗದದಲ್ಲಿ ಬರೆದು, ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಬೇಕು. ಒಂದು ಎಚ್ಚರ: ಹಿಂದೆ ಯಾರೋ ತಂತಿ ಅಥವಾ ಪಿನ್ನು ಹಾಕಿ ಜೆಟ್ ಚುಚ್ಚಿದ್ದರೆ ಅಂಕಿ 120 ಇದ್ದರೂ ತೂತು ಅದಕ್ಕಿಂತ ದೊಡ್ಡದಾಗಿರುತ್ತದೆ. ಹಿತ್ತಾಳೆ ಮೆದು ಲೋಹ. ಜೆಟ್ಟನ್ನು ಪೆಟ್ರೋಲಿನಲ್ಲಿ ತೊಳೆದು ಗಾಳಿ ಹೊಡೆದೇ ಶುಚಿ ಮಾಡಬೇಕು.

ಕೆಲವು ಸೋಲೆಕ್ಸ್‌ಗಳಲ್ಲಿ ಚೋಕ್ ಎಂದರೆ ಮೇಲೆ ಮುಚ್ಚುವ ಪಟ್ಟಿ. ಇನ್ನು ಕೆಲವಲ್ಲಿ ಪಕ್ಕದಲ್ಲಿ ತಿರುಗುವ ತೂತಿನ ತಟ್ಟೆ ಇದ್ದು, ಚಳಿಯಲ್ಲಿ ಸ್ಟಾರ್ಟ್ ಆಗಲು ಬೇಕಾದ ಹೆಚ್ಚಿನ ಪೆಟ್ರೋಲನ್ನು ಅದೇ ಬಿಡುತ್ತದೆ. ಬದಲಿ ತರುವಾಗ ಇದೂ ಹೊಂದಬೇಕು, ಇಲ್ಲದಿದ್ದರೆ ಡ್ಯಾಶ್‌ಬೋರ್ಡಿನಿಂದ ಬರುವ ಕೇಬಲ್ ಕೂರುವುದಿಲ್ಲ.

ಕಾರ್ಟರ್, ಜೆನಿತ್ ಮತ್ತು ಗುರುತೇ ಇಲ್ಲದವು

ಎರಡನೇ ಮಹಾಯುದ್ಧದ ವಿಲ್ಲಿಸ್ ಎಂ.ಬಿ. ಜೀಪಿಗೆ ಇದ್ದದ್ದು ಕಾರ್ಟರ್ ಡಬ್ಲ್ಯು.ಒ. 539ಎಸ್. ಸಿಜೆ–3ಬಿಗೆ ವೈ.ಎಫ್. 938ಎಸ್‌ಡಿ. ಕಾರ್ಟರ್ ಕೂಡ ಮುಚ್ಚಳದ ಸ್ಕ್ರೂವಿಗೆ ಹಿತ್ತಾಳೆಯ ತಗಡು ಸಿಕ್ಕಿಸುತ್ತಿತ್ತು. 1928ರಿಂದ 1931ರವರೆಗಿನ ಫೋರ್ಡ್ ಮಾಡೆಲ್ ಎ ಕಾರಿನ ಜೆನಿತ್ ನೋಡಿದರೆ ಅದು ಮ್ಯಾನಿಫೋಲ್ಡಿನ ಕೆಳಗೆ ನೇತಾಡುತ್ತಿರುತ್ತದೆ. ಮಿಶ್ರಣ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಎಸ್‌.ಯು.ವಿನದು ಅಡ್ಡ ದಾರಿ, ಸೋಲೆಕ್ಸ್ 32 ಪಿ.ಬಿ.ಐ.ಸಿ.ಯದು ಮೇಲಿನಿಂದ ಕೆಳಕ್ಕೆ. ಈ ಮೂರು ದಿಕ್ಕುಗಳಲ್ಲಿ ಒಂದಕ್ಕೆ ಮಾಡಿದ್ದು ಇನ್ನೊಂದಕ್ಕೆ ನೇರವಾಗಿ ಹೊಂದದು. ಎಸ್‌.ಯು. ಇದ್ದ ಅಂಬಾಸಡರಿಗೆ ಸೋಲೆಕ್ಸ್ ಬೇಕೆಂದರೆ ಮ್ಯಾನಿಫೋಲ್ಡನ್ನೂ ಬದಲಾಯಿಸಬೇಕಾಗುತ್ತದೆ.

ಹೆಸರು, ಸಂಖ್ಯೆ ಏನೂ ಓದಲು ಬಾರದಿದ್ದರೆ ವರ್ನಿಯರ್ ಕೈಗೆತ್ತಿಕೊಳ್ಳಿ. ಕೆಳಗಿನ ಚಪ್ಪಟೆ ಫ್ಲಾಂಜಿನ ಬೋಲ್ಟ್ ತೂತುಗಳ ನಡುವಿನಿಂದ ನಡುವಿಗೆ ಅಂತರ, ಬಟರ್‌ಫ್ಲೈ ಇರುವಲ್ಲಿನ ವ್ಯಾಸ, ಏರ್ ಕ್ಲೀನರ್ ಕೂರುವ ಕಂಠದ ಹೊರವ್ಯಾಸ, ಥ್ರಾಟಲ್ ಲಿವರ್ ಎಡಕ್ಕೋ ಬಲಕ್ಕೋ, ಎಳೆದರೆ ತೆರೆಯುತ್ತದೋ ನೂಕಿದರೋ ಇಷ್ಟನ್ನೂ ಅಳೆದು ಬರೆದರೆ ದೂರದ ಊರಿನ ಅಂಗಡಿಯವರಿಗೂ ಫೋನಿನಲ್ಲೇ ಅರ್ಥವಾಗುತ್ತದೆ.

ಬದಲಾಯಿಸುವ ಮೊದಲು ಉಳಿಸುವ ಪ್ರಯತ್ನ

ನನ್ನ ಖಚಿತ ಅಭಿಪ್ರಾಯ ಇದು: ಕಾರ್ಖಾನೆಯಿಂದ ಬಂದ ಬಾಡಿ ಸೀಳಿರದಿದ್ದರೆ ಅದನ್ನು ರಿಪೇರಿ ಮಾಡಿಸುವುದೇ ಅತ್ಯುತ್ತಮ ಬದಲಿ. ಪ್ಯಾಕಿಂಗ್ ಕಿಟ್, ಹೊಸ ನೀಡಲ್ ವಾಲ್ವ್, ಪಂಪಿನ ಡಯಾಫ್ರಾಂ ಹಾಕಿದರೆ ಅರ್ಧ ಕಾರ್ಬುರೇಟರುಗಳು ಜೀವ ತಳೆಯುತ್ತವೆ. ಸವೆದ ಸ್ಪಿಂಡಲಿಗೆ ಲೇಥಿನಲ್ಲಿ ತೂತು ದೊಡ್ಡದು ಮಾಡಿ ಹಿತ್ತಾಳೆ ಬುಶ್ ಕೂರಿಸಬಹುದು. ಇದಕ್ಕೆ ಕೈ ಕುದುರಿದ ಟರ್ನರ್ ಬೇಕು, ಬಟರ್‌ಫ್ಲೈ ತಟ್ಟೆ ಮತ್ತೆ ಕೂದಲೆಳೆಯಷ್ಟೂ ಸಂದಿಯಿಲ್ಲದೆ ಮುಚ್ಚುವಂತೆ ಕೂರಿಸುವ ತಾಳ್ಮೆಯೂ ಬೇಕು.

ಫ್ಲೋಟ್ ತೂತಾಗಿದೆಯೇ ನೋಡಲು ಹಿತ್ತಾಳೆಯ ಫ್ಲೋಟನ್ನು ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಇದ್ದರೆ ಕುಲುಕುವ ಸದ್ದು ಬರುತ್ತದೆ. ಸಂಶಯ ಉಳಿದರೆ ಒಲೆಯಿಂದ ಇಳಿಸಿ ದೂರ ತಂದ ಬಿಸಿನೀರಿನ ಪಾತ್ರೆಯಲ್ಲಿ ಮುಳುಗಿಸಿ ಹಿಡಿಯಿರಿ. ಒಳಗಿನ ಗಾಳಿ ಕಾದು ಹಿಗ್ಗಿ, ಸೂಜಿಮೊನೆಯಷ್ಟು ತೂತಿದ್ದರೂ ಅಲ್ಲಿಂದ ಗುಳ್ಳೆಗಳ ಎಳೆ ಎದ್ದು ಬರುತ್ತದೆ. ಆ ಜಾಗಕ್ಕೆ ಗುರುತು ಹಾಕಿಕೊಳ್ಳಿ. ಒಳಗಿನ ಪೆಟ್ರೋಲ್ ಪೂರ್ತಿ ಹೊರಬಂದು ಆರಿದ ಮೇಲಷ್ಟೇ ಬೆಸುಗೆ ಹಾಕಬೇಕು; ಆವಿ ಉಳಿದ ಫ್ಲೋಟಿಗೆ ಬೆಂಕಿ ತಾಗಿದರೆ ಸಿಡಿಯುತ್ತದೆ. ಬೆಸುಗೆ ಜಾಸ್ತಿಯಾದರೆ ಫ್ಲೋಟ್ ಭಾರವಾಗಿ ಪೆಟ್ರೋಲಿನ ಮಟ್ಟ ಏರುತ್ತದೆ, ಓವರ್‌ಫ್ಲೋ ಶುರುವಾಗುತ್ತದೆ.

ಫ್ಲಾಂಜ್ ಬಾಗಿದ್ದರೆ ಗಾಜಿನ ಹಲಗೆಯ ಮೇಲೆ ವಾಟರ್ ಪೇಪರ್ ಹಾಸಿ ಎಂಟರ ಆಕಾರದಲ್ಲಿ ಉಜ್ಜಿ ಮಟ್ಟ ಮಾಡಬಹುದು. ಸತುವಿನ ಮಿಶ್ರಲೋಹದ ಬಾಡಿ ಬಾಗುವುದು ನಟ್ಟುಗಳನ್ನು ಅತಿಯಾಗಿ ಬಿಗಿ ಮಾಡಿದ್ದರಿಂದ. ಇದೇ ಲೋಹ ಒಳಗೊಳಗೇ ಬಿರುಕು ಬಿಟ್ಟು ಪುಡಿಯಾಗತೊಡಗಿದ್ದರೆ, ಅಥವಾ ಕಿವಿ ಮುರಿದಿದ್ದರೆ, ಆಗ ಬದಲಿ ಹುಡುಕಲೇಬೇಕು.

ಎಷ್ಟು ದೊಡ್ಡದು ಬೇಕು?

ಬದಲಿ ಆರಿಸುವಾಗ ಮೊದಲ ಆಯ್ಕೆ ಅದೇ ಸಂಖ್ಯೆಯದು. ಅದು ಸಿಗದಿದ್ದರೆ ಅದೇ ಮಾದರಿಯ ಬಾಡಿ ತಂದು ನಿಮ್ಮ ಹಳೆಯದರ ವೆಂಚುರಿ, ಜೆಟ್, ನೀಡಲ್‌ಗಳನ್ನು ಅದಕ್ಕೆ ಹಾಕುವುದು. ಜೆಟ್‌ಗಳನ್ನು ಬರೆದಿಡಿ ಎಂದು ಮೇಲೆ ಒತ್ತಿ ಹೇಳಿದ್ದು ಇದಕ್ಕಾಗಿ. ಬೇರೆ ಕಂಪನಿಯದನ್ನು ಅಡಾಪ್ಟರ್ ಪ್ಲೇಟ್ ಮೇಲೆ ಕೂರಿಸುವುದು ಕೊನೆಯ ದಾರಿ. ಮಾರುತಿಯ ಕಾರ್ಬುರೇಟರನ್ನು ಹಳೆಯ ಗಾಡಿಗೆ ಹೊಂದಿಸುವ ಪ್ರಯೋಗ ಆಗಾಗ ಕಾಣುತ್ತದೆ. ಮಾರುತಿ 800ರ ಎಂಜಿನ್ 796 ಸಿ.ಸಿ.ಯದು. ಅದಕ್ಕೆಂದು ಅಳತೆ ಮಾಡಿದ್ದು 1489 ಸಿ.ಸಿ.ಗೆ ಸ್ಲೋ ಸ್ಪೀಡಿನಲ್ಲಿ ಚೆನ್ನಾಗಿ ನಡೆದಂತೆ ಕಂಡರೂ ಲೋಡು ಬಿದ್ದಾಗ ಮಿಶ್ರಣ ತೆಳುವಾಗಿ ವಾಲ್ವುಗಳು ಸುಡುವ ಅಪಾಯವಿದೆ.

ದೊಡ್ಡದು ಹಾಕಿದರೆ ಶಕ್ತಿ ಹೆಚ್ಚುತ್ತದೆ ಎಂಬ ನಂಬಿಕೆಯೂ ತಪ್ಪು. ಲೆಕ್ಕ ಹಾಕಿ ನೋಡಿ. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಗಾತ್ರದಷ್ಟು ಗಾಳಿ ಎಳೆಯುತ್ತದೆ. 1489 ಸಿ.ಸಿ.ಯ ಅಂಬಾಸಡರ್ ನಿಮಿಷಕ್ಕೆ 4000 ಸುತ್ತು ತಿರುಗಿದರೆ ಲೆಕ್ಕಕ್ಕೆ ಸುಮಾರು 2980 ಲೀಟರ್ ಗಾಳಿ. ವಾಸ್ತವದಲ್ಲಿ ಅದರ ಮುಕ್ಕಾಲು ಭಾಗ ಹಿಡಿಯಿರಿ. ಇನ್ನು ವೆಂಚುರಿ 24 ಮಿ.ಮೀ. ಇದ್ದದ್ದನ್ನು 28 ಮಾಡಿದರೆ ಅಂಕಿಯಲ್ಲಿ ನಾಲ್ಕೇ ಹೆಚ್ಚು ಎನಿಸಿದರೂ ದಾರಿಯ ವಿಸ್ತಾರ ಶೇ 36ರಷ್ಟು ಹಿಗ್ಗುತ್ತದೆ. ಅಷ್ಟರಮಟ್ಟಿಗೆ ಗಾಳಿಯ ವೇಗ ಕುಸಿದು, ಜೆಟ್ಟಿನಿಂದ ಪೆಟ್ರೋಲನ್ನು ಎಳೆಯುವ ಬಲ ಕುಗ್ಗುತ್ತದೆ. ಅಕ್ಕಿಆಲೂರಿನ ಸಂತೆಪೇಟೆಯಲ್ಲೋ ಬಂಕಾಪುರದ ಗಲ್ಲಿಯಲ್ಲೋ ಎರಡನೇ ಗೇರಿನಲ್ಲಿ ಮೆಲ್ಲಗೆ ಹೋಗುವ ಗಾಡಿಗೆ ಬೇಕಾದದ್ದು ಕೆಳವೇಗದ ಎಳೆತ. ಅದನ್ನು ಕಳೆದುಕೊಂಡು ಹೆದ್ದಾರಿಯ ಕೊನೆಯ ವೇಗ ಗಳಿಸುವುದರಲ್ಲಿ ಅರ್ಥವಿಲ್ಲ.

ಎತ್ತರದ ಚಿಂತೆ ನಮಗಿಲ್ಲ. ಹಾವೇರಿ ಸೀಮೆ ಸಮುದ್ರಮಟ್ಟದಿಂದ ಆರುನೂರು ಮೀಟರಿನ ಆಸುಪಾಸಿನಲ್ಲಿದೆ. ಕಾರ್ಖಾನೆಯ ಜೆಟ್ ಅಳತೆಯೇ ಸಾಕು.

ಪಂಪನ್ನು ಮಾತ್ರ ಮರೆಯಬೇಡಿ. ಈ ಕಾರ್ಬುರೇಟರುಗಳ ನೀಡಲ್ ವಾಲ್ವ್ ತಡೆಯುವುದು ಚದರ ಇಂಚಿಗೆ ಎರಡು–ಮೂರು ಪೌಂಡ್ ಒತ್ತಡವನ್ನಷ್ಟೇ. ಮೂಲ ಪಂಪು ಕೆಟ್ಟಿತೆಂದು ಇಂಜೆಕ್ಷನ್ ಕಾರಿನ ಎಲೆಕ್ಟ್ರಿಕ್ ಪಂಪ್ ಹಾಕಿದರೆ ಯಾವ ಹೊಸ ಕಾರ್ಬುರೇಟರೂ ಪೆಟ್ರೋಲನ್ನು ಹಿಡಿದಿಡಲಾರದು. ಕಾದ ಎಂಜಿನ್ನಿನ ಮೇಲೆ ಅದು ಸುರಿದರೆ ಏನಾಗುತ್ತದೆಂದು ಹೇಳಬೇಕಿಲ್ಲ.

ಇ20 ಪೆಟ್ರೋಲ್ ತಂದ ಹೊಸ ಲೆಕ್ಕ

ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ 2023ರಿಂದ ದೇಶದ ಬಂಕುಗಳಿಗೆ ಬರತೊಡಗಿತು, ಈಗ ಎಲ್ಲೆಡೆ ಅದೇ. ಎಥನಾಲ್ ತನ್ನೊಳಗೇ ಆಮ್ಲಜನಕ ಹೊತ್ತು ತರುತ್ತದೆ, ಹಾಗಾಗಿ ಅದಕ್ಕೆ ಬೇಕಾದ ಗಾಳಿ ಕಡಿಮೆ. 14.7ಕ್ಕೆ 1 ಇದ್ದ ಲೆಕ್ಕ ಇ20ಕ್ಕೆ ಸುಮಾರು 13.5ಕ್ಕೆ 1 ಆಗುತ್ತದೆ. ಜೆಟ್ ಹಳೆಯದೇ ಇದ್ದರೆ ಮಿಶ್ರಣ ಸುಮಾರು ಶೇ 7–8ರಷ್ಟು ತೆಳುವಾಗುತ್ತದೆ. ಸೋಲೆಕ್ಸ್‌ನಲ್ಲಿ 120ರ ಮೇನ್ ಜೆಟ್ ಬದಲು 125 ಹಾಕಿದರೆ ತೂತಿನ ವಿಸ್ತಾರ ಶೇ 8.5ರಷ್ಟು ಹೆಚ್ಚಿ ಸರಿಹೋಗುತ್ತದೆ. ಎಸ್‌.ಯು.ವಿನಲ್ಲಿ ಜೆಟ್ ಕೆಳಗಿನ ಷಟ್ಕೋನದ ನಟ್ಟನ್ನು ಒಂದೆರಡು ಮುಖದಷ್ಟು ಇಳಿಸಿದರೆ ಸಾಕಾಗಬಹುದು. ಮೊದಲೇ ಪೆಟ್ರೋಲ್ ಜಾಸ್ತಿ ಕುಡಿಯುತ್ತಿದ್ದ ಗಾಡಿಗೆ ಇದ್ಯಾವುದೂ ಬೇಡ. ಪ್ಲಗ್ ಬಿಚ್ಚಿ ನೋಡಿ ನಿರ್ಧರಿಸಿ: ತಿಳಿ ಕಂದು ಬಣ್ಣ ಇದ್ದರೆ ಮುಟ್ಟಬೇಡಿ, ಸುಣ್ಣದಂತೆ ಬೆಳ್ಳಗಾಗಿದ್ದರೆ ಮಿಶ್ರಣ ತೆಳು.

ಜೆಟ್ಟಿಗಿಂತ ಹೆಚ್ಚಿನ ತೊಂದರೆ ಇರುವುದು ವಸ್ತುಗಳಿಗೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಆ ನೀರು ಸತು, ಅಲ್ಯೂಮಿನಿಯಂ ಬಟ್ಟಲಿನ ತಳವನ್ನು ತಿನ್ನುತ್ತದೆ. ಹಳೆಯ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಯುದ್ಧಪೂರ್ವದ ಕೆಲವು ಕಾರ್ಬುರೇಟರುಗಳ ಫ್ಲೋಟ್ ಬೆಂಡಿನದು, ಮೇಲೆ ಅರಗಿನ ವಾರ್ನಿಶ್. ಅರಗು ಎಥನಾಲ್‌ನಲ್ಲಿ ಕರಗುತ್ತದೆ. ಕರಗಿದ್ದು ಜೆಟ್ಟಿಗೆ ಅಂಟುತ್ತದೆ, ಬೆಂಡು ಪೆಟ್ರೋಲ್ ಕುಡಿದು ಮುಳುಗುತ್ತದೆ. ಕಿಟ್ ಕೊಳ್ಳುವಾಗ ಎಥನಾಲ್ ತಾಳುವ ವಿಟಾನ್ ರಬ್ಬರಿನದೇ ಎಂದು ಕೇಳಿ ತೆಗೆದುಕೊಳ್ಳಿ.

ಮಳೆ, ಮಣ್ಣು, ಬಿಸಿಲು

ನಾಲ್ಕು ತಾಲ್ಲೂಕುಗಳ ಹವೆ ಒಂದೇ ತೆರನಲ್ಲ. ಹಾನಗಲ್ಲ ಅರೆಮಲೆನಾಡು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ನಿಲ್ಲಿಸಿದ ಗಾಡಿಯ ಬಟ್ಟಲಿನಲ್ಲಿ ಬಿಳಿ ಪುಡಿ ಕಟ್ಟುವುದು ಅಲ್ಲಿಯ ತಂಪಿನಲ್ಲಿ ಸಹಜ. ಮಳೆಗಾಲಕ್ಕೆ ಗಾಡಿ ನಿಲ್ಲಿಸುವವರು ಪೆಟ್ರೋಲ್ ಕಾಕ್ ಮುಚ್ಚಿ, ಅಥವಾ ಪಂಪಿನ ಪೈಪು ಕಳಚಿ, ಬಟ್ಟಲು ಬರಿದಾಗುವವರೆಗೆ ಎಂಜಿನ್ ಓಡಿಸಿ ನಿಲ್ಲಿಸುವುದು ಒಳ್ಳೆಯದು. ಸವಣೂರು, ಶಿಗ್ಗಾವಿಯ ಎರೆಭೂಮಿಯಲ್ಲಿ ಬೇಸಿಗೆಯ ಧೂಳೇ ವೈರಿ. ಬದಲಿ ಕಾರ್ಬುರೇಟರಿಗೆ ಹಳೆಯ ಆಯಿಲ್ ಬಾತ್ ಏರ್ ಕ್ಲೀನರ್ ಹೊಂದಲಿಲ್ಲವೆಂದು ಬಾಯಿ ತೆರೆದೇ ಓಡಿಸಿದರೆ ಆ ಮಣ್ಣು ಸಿಲಿಂಡರನ್ನು ಉಜ್ಜಿ ಹಾಳುಮಾಡುತ್ತದೆ. ಏರ್ ಕ್ಲೀನರ್ ಕೂರದ ಕಾರ್ಬುರೇಟರನ್ನು ಕೊಳ್ಳಲೇಬೇಡಿ. ಹಿರೇಕೆರೂರಿನಿಂದ ಮಾಸೂರು, ಹಂಸಭಾವಿ ಕಡೆಗೆ ಏಪ್ರಿಲ್ ಬಿಸಿಲಿನಲ್ಲಿ ಹೊರಟಾಗ ಗಾಡಿ ನಿಂತು ಮತ್ತೆ ಸ್ಟಾರ್ಟ್ ಆಗದಿದ್ದರೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿರುತ್ತದೆ. ಕಾರ್ಬುರೇಟರಿಗೂ ಮ್ಯಾನಿಫೋಲ್ಡಿಗೂ ನಡುವೆ ಶಾಖ ತಡೆಯುವ ದಪ್ಪ ಬೇಕಲೈಟ್ ಪ್ಯಾಕಿಂಗ್ ಮೂಲದಲ್ಲಿದ್ದರೆ ಅದನ್ನು ಮರಳಿ ಹಾಕಲೇಬೇಕು.

ಎಲ್ಲಿ ಸಿಗುತ್ತದೆ

ನಮ್ಮವರಿಗೆ ಹತ್ತಿರದ ದೊಡ್ಡ ಪೇಟೆ ಹುಬ್ಬಳ್ಳಿ. ಅಲ್ಲಿ ಸಿಗದ್ದಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು, ಶಿವಾಜಿನಗರದ ಗುಜರಿ ಇವೆ. ಇನ್ನೂ ಹಳೆಯ ಸಾಮಾನಿಗೆ ಚೆನ್ನೈನ ಪುದುಪೇಟೆ, ಕೋಲ್ಕತ್ತದ ಮಲ್ಲಿಕ್ ಬಜಾರ್, ದೆಹಲಿಯ ಕಾಶ್ಮೀರಿ ಗೇಟ್ ಹೆಸರಾದ ಜಾಗಗಳು. ಎಸ್‌.ಯು., ಸೋಲೆಕ್ಸ್, ಜೆನಿತ್ ಮೂರರ ಭಾಗಗಳನ್ನೂ ಇಂಗ್ಲೆಂಡಿನ ಸಾಲ್ಸ್‌ಬರಿಯ ಬರ್ಲೆನ್ ಕಂಪನಿ ಮಾರುತ್ತದೆ. ನೀಡಲ್, ಜೆಟ್‌ಗಳಂಥ ಸಣ್ಣ ಭಾಗಗಳನ್ನು ಅಲ್ಲಿಂದ ತರಿಸುವುದು ಸುಂಕ ಕಟ್ಟಿದರೂ ಲಾಭವೇ.

ಗುಜರಿಯಲ್ಲಿ ಕೈಗೆ ಸಿಕ್ಕ ಕಾರ್ಬುರೇಟರನ್ನು ಕೊಳ್ಳುವ ಮೊದಲು ಸ್ಪಿಂಡಲ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕಡಕಡ ಎಂದರೆ ಬೆಲೆ ಇಳಿಸಿ ಕೇಳಬೇಕು. ಪಾಲಿಶ್ ಹೊಳಪಿಗೆ ಮರುಳಾಗಬೇಡಿ. ಹೊಸ ಡೂಪ್ಲಿಕೇಟ್ ಮಾಲಿನಲ್ಲಿ ಎರಕದ ಅಂಚು ಒರಟಾಗಿರುತ್ತದೆ, ಜೆಟ್ಟಿನ ಮೇಲೆ ಅಂಕಿಯೇ ಇರುವುದಿಲ್ಲ ಅಥವಾ ಅಂಕಿ ಒಂದು, ತೂತು ಇನ್ನೊಂದು. ಅಂಥದ್ದನ್ನು ಬಾಡಿಗಾಗಿ ಕೊಂಡರೂ ಜೆಟ್ ಮಾತ್ರ ನಿಮ್ಮ ಹಳೆಯದರದ್ದೇ ಹಾಕಿ.

ವಿಂಟೇಜ್ ನೋಂದಣಿ ಮತ್ತು ಮೂಲ ಸ್ವರೂಪ

2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ ದ್ವಿಚಕ್ರ, ನಾಲ್ಕು ಚಕ್ರದ ಗಾಡಿಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಮರುನೋಂದಣಿಗೆ 5,000 ರೂಪಾಯಿ. ಸಂಖ್ಯಾಫಲಕದಲ್ಲಿ ರಾಜ್ಯದ ಅಕ್ಷರಗಳ ನಂತರ ವಿ.ಎ. ಎಂದು ಬರುತ್ತದೆ. ಗಾಡಿ ಮೂಲ ಸ್ವರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಹಾಗೆ ನೋಂದಾಯಿಸಿದ್ದನ್ನು ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. 1974ರ ಪದ್ಮಿನಿಗಳು ಈಗಾಗಲೇ ಈ ವಯಸ್ಸು ಮುಟ್ಟಿವೆ. ಮ್ಯಾನಿಫೋಲ್ಡ್ ಕತ್ತರಿಸಿ, ಅಡಾಪ್ಟರ್ ಬೆಸೆದು ಬೇರೆ ಕಾರ್ಬುರೇಟರ್ ಕೂರಿಸಿದ ಗಾಡಿಯನ್ನು ಮೂಲ ಸ್ವರೂಪದ್ದೆಂದು ತೋರಿಸುವುದು ಕಷ್ಟ. ಮೂಲದ ಗಾಡಿ ಹೇಗಿತ್ತೆಂದು ನೋಡಬೇಕೆನಿಸಿದವರಿಗೆ ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯ, ಶ್ರೀರಂಗಪಟ್ಟಣದ ಬಳಿಯ ಪಯಣ ಸಂಗ್ರಹಾಲಯ ಎರಡರಲ್ಲೂ ಹಳೆಯ ಕಾರುಗಳ ದೊಡ್ಡ ಸಾಲೇ ಇದೆ.

ಹೊಸದನ್ನು ಹಾಕಿಸಿ ಗಾಡಿ ಓಡತೊಡಗಿದ ದಿನ ಹಳೆಯ ಕಾರ್ಬುರೇಟರನ್ನು ಗ್ಯಾರೇಜಿನಲ್ಲೇ ಬಿಟ್ಟು ಬರಬೇಡಿ, ತೂಕಕ್ಕೆ ಮಾರಲೂ ಬೇಡಿ. ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ, ಜೆಟ್‌ಗಳ ಅಂಕಿ ಬರೆದ ಚೀಟಿಯೊಂದಿಗೆ ಡಬ್ಬಿಯಲ್ಲಿಟ್ಟುಕೊಳ್ಳಿ. ಇವತ್ತು ಸಿಗದ ಬುಶ್ಶೋ ಫ್ಲೋಟೋ ಮುಂದೆಂದಾದರೂ ಸಿಗಬಹುದು, ಇಲ್ಲವೇ ನಿಮ್ಮದೇ ತಾಲ್ಲೂಕಿನ ಇನ್ನೊಬ್ಬರ ಗಾಡಿಗೆ ಅದರ ಒಂದು ಸ್ಕ್ರೂ ಬೇಕಾಗಬಹುದು.